ಗೋಕುಲನ ನಿದ್ದೆಗೊಂದು ಹೆಡ್‌ಫೋನು

ನವೆಂಬರ್ 10, ಸೋಮವಾರ

ಸಿಮೆಂಟ್ ಅಂಗಡಿಯವರು ಈ ಡೈರಿಯನ್ನು ಜನವರಿಯಲ್ಲೇ ಕೊಟ್ಟಿದ್ದರು. ಇಷ್ಟು ದಿನ ಟಿ.ವಿ. ಕೆಳಗೆ ಸುಮ್ಮನೆ ಬಿದ್ದಿತ್ತು. ಇವತ್ತು ಬರೆಯುವುದಕ್ಕೆ ಒಂದು ಕಾರಣ ಸಿಕ್ಕಿದೆ. ಮೂರು ಬಗೆಯ ಹೆಡ್‌ಫೋನು ತರಿಸುತ್ತಿದ್ದೇನೆ. ಯಾವುದು ಹೇಗೆ ಎಂದು ಬರೆದಿಟ್ಟುಕೊಳ್ಳದಿದ್ದರೆ ವಾಪಸ್ ಕಳಿಸುವ ಗಡುವು ಮುಗಿದು ಮೂರೂ ನನ್ನ ಕುತ್ತಿಗೆಗೆ ಬೀಳುತ್ತವೆ.

ಇದಕ್ಕೆಲ್ಲ ಮೂಲ ಗೋಕುಲ್. ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದಾನೆ. ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. ರಾತ್ರಿ ಕೆಲಸ, ಹಗಲು ನಿದ್ದೆ. ಅವನು ಮಲಗುವ ಕೋಣೆಯ ಗೋಡೆಯ ಆಚೆಗೆ ನಮ್ಮ ಅಣ್ಣ ನರಸಿಂಹಯ್ಯನ ಛತ್ರ. ಅಪ್ಪನ ಕಾಲದ ಕಣದ ಜಾಗವನ್ನು ಭಾಗ ಮಾಡಿಕೊಂಡಾಗ ಅವನು ಛತ್ರ ಕಟ್ಟಿದ, ನಾನು ಬಾಡಿಗೆ ಮನೆಗಳನ್ನು ಕಟ್ಟಿದೆ. ನಡುವೆ ಗೇಣು ಜಾಗವನ್ನೂ ಇಬ್ಬರೂ ಬಿಡಲಿಲ್ಲ. ನಿನ್ನೆ ಅಲ್ಲಿ ಯಾರದೋ ನಾಮಕರಣ. ತೊಟ್ಟಿಲ ಕೂಸಿಗೂ ಈಗ ಡಿಜೆ ಬೇಕು.

ಇವತ್ತು ಬೆಳಗ್ಗೆ ಗೋಕುಲನ ಹೆಂಡತಿ ರಮಾ ಬಂದು ಬಾಗಿಲಲ್ಲೇ ನಿಂತಳು.

"ಅಂಕಲ್, ಜಗಳಕ್ಕೆ ಬಂದಿಲ್ಲ ನಾನು. ಹಗಲು ಅವರಿಗೆ ನಿದ್ದೇನೇ ಆಗ್ತಿಲ್ಲ. ರಾತ್ರಿಯೆಲ್ಲ ಸ್ಟೀರಿಂಗ್ ಹಿಡೀಬೇಕು. ನಂಗೆ ಭಯ ಆಗುತ್ತೆ."

"ನಾನಿದೀನಲ್ಲಮ್ಮ, ನೋಡ್ಕೋತೀನಿ ಬಿಡು" ಎಂದೆ.

ಅವಳು ಹೋದ ಮೇಲೆ ನನ್ನ ಹೆಂಡತಿ ರಾಧಾಮಣಿ ಸೊಪ್ಪು ಬಿಡಿಸುತ್ತಾ, "ಏನ್ ನೋಡ್ಕೋತೀರಿ? ಭಾವನವರ ಹತ್ರ ಮಾತಾಡ್ತೀರಾ?" ಎಂದಳು. ಅಣ್ಣನಿಗೆ ಡಿಜೆ ಸೌಂಡ್ ಕಮ್ಮಿ ಮಾಡಿಸು ಅನ್ನುವುದೂ ಒಂದೇ, ಅವನ ತಟ್ಟೆಯ ಮುದ್ದೆಗೆ ಕೈ ಹಾಕುವುದೂ ಒಂದೇ. ಛತ್ರಕ್ಕೆ ನಮ್ಮಮ್ಮ ಬೈರಮ್ಮನ ಹೆಸರು ಬೇರೆ ಇಟ್ಟಿದ್ದಾನೆ. ನಾನು ಯಾರ ಮನಸ್ಸನ್ನೂ ನೋಯಿಸುವವನಲ್ಲ. ಹುಣಸಮಾರನಹಳ್ಳಿಯಲ್ಲಿ ಯಾರನ್ನಾದರೂ ಕೇಳಿ, ಬಾಲರಾಜು ಎಲ್ಲರಿಗೂ ಬೇಕಾದವನು ಅನ್ನುತ್ತಾರೆ. ಅಣ್ಣನಿಗೆ ಬೇಸರವಾಗಬಾರದು, ಗೋಕುಲನಿಗೆ ನಿದ್ದೆ ಬರಬೇಕು, ಅಷ್ಟೆ. ಹೊರಗಿನ ಸದ್ದನ್ನು ಅಡಗಿಸುವ ವೈರ್‌ಲೆಸ್ ಹೆಡ್‌ಫೋನುಗಳು ಬಂದಿವೆಯಂತೆ. ದೊಡ್ಡ ಕಂಪನಿಯವು ನಮ್ಮಂಥವರಿಗಲ್ಲ. ಕೈಗೆಟುಕುವ ಬೆಲೆಯವು ಮೂರು ಆರಿಸಿದ್ದೇನೆ. ಹಾಲಿನ ಸೊಸೈಟಿಯಲ್ಲಿ ಊರಿನವರ ಹಾಲನ್ನೆಲ್ಲ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಿದ್ದವನಿಗೆ ಇದೇನು ಮಹಾ.

ನವೆಂಬರ್ 13, ಗುರುವಾರ

ಮೊದಲನೆಯದು ಬಂತು. ತಲೆಯ ಮೇಲೆ ಹಾಯ್ದು ಎರಡು ಕಿವಿಯನ್ನೂ ಪೂರ್ತಿ ಮುಚ್ಚುವಂಥದ್ದು. ಹಾಕಿಕೊಂಡು ಗುಂಡಿ ಒತ್ತಿದೆ. ಫ್ಯಾನಿನ ಸದ್ದು ಹೋಯಿತು. ಫ್ರಿಜ್ಜಿನದು ಹೋಯಿತು. ಫ್ರಿಜ್ಜು ಸದ್ದು ಮಾಡುತ್ತದೆ ಎಂಬುದು ಅದು ನಿಂತ ಮೇಲೆಯೇ ನನಗೆ ಗೊತ್ತಾದದ್ದು. ಕರೆಂಟ್ ಹೋದಾಗ ಛತ್ರದ ಜನರೇಟರ್ ಪಕ್ಕವೇ ಹೋಗಿ ನಿಂತೆ. ಹೊಗೆ ಬರುತ್ತಿದೆ, ಸದ್ದಿಲ್ಲ. ಭೇಷ್ ಎಂದುಕೊಂಡೆ.

ಆಮೇಲೆ ಮಲಗಿ ನೋಡಿದೆ. ಅಂಗಾತ ಮಲಗಿದರೆ ಪರವಾಗಿಲ್ಲ. ಮಗ್ಗುಲಾದರೆ ಕಿವಿಯ ಕೆಳಗೆ ಚಟ್ನಿ ಬಟ್ಟಲು ಇಟ್ಟುಕೊಂಡು ಮಲಗಿದ ಹಾಗಾಗುತ್ತದೆ. ಸ್ವಲ್ಪ ಹೊತ್ತಿಗೆ ಕಿವಿಯ ಸುತ್ತ ಬೆವರು. ನಾನು ನೆಟ್ಟಗೆ ಕೈ ಜೋಡಿಸಿಕೊಂಡು ಮಲಗಿದ್ದು ನೋಡಿ ರಾಧಾಮಣಿ ಗಾಬರಿಯಾಗಿ ನನ್ನ ಕಾಲು ಅಲ್ಲಾಡಿಸಿದಳು.

"ನಿದ್ದೆ ಬೇಕಾಗಿರೋದು ಯಾರಿಗ್ರೀ? ಅವನಿಗೋ ನಿಮಗೋ?"

ಪರೀಕ್ಷೆ ಎಂದರೆ ಏನು ಎಂದು ಅವಳಿಗೆ ಹೇಳಿ ಪ್ರಯೋಜನವಿಲ್ಲ.

ನವೆಂಬರ್ 16, ಭಾನುವಾರ

ಛತ್ರದಲ್ಲಿ ಮದುವೆ. ನಿಜವಾದ ಪರೀಕ್ಷೆ ಇವತ್ತೇ ಎಂದು ಹೆಡ್‌ಫೋನು ಹಿಡಿದುಕೊಂಡು ಗೋಕುಲನ ಮನೆಗೆ ಹೋದೆ. ಅವನು ಎದ್ದೇ ಕೂತಿದ್ದ. ಕಣ್ಣು ಕೆಂಪಗಿತ್ತು. ಗೋಡೆಗೆ ಒರಗಿಕೊಂಡು ಹೆಡ್‌ಫೋನು ಹಾಕಿಕೊಂಡೆ. ಜನರೇಟರಿನ ಗುಂಯ್ ಅನ್ನುವುದು ಹೋಯಿತು, ಆದರೆ ತಮಟೆ ಹೋಗಲಿಲ್ಲ. ಒಂದೇ ಸಮನೆ ಬರುವ ಸದ್ದನ್ನು ಇದು ನುಂಗುತ್ತದೆ, ಬಿಟ್ಟು ಬಿಟ್ಟು ಬರುವ ಏಟನ್ನು ನುಂಗುವುದಿಲ್ಲ. ಡಿಜೆಯ ದಪ್ಪ ಸದ್ದಂತೂ ಕಿವಿಗೆ ಬರುವುದೇ ಇಲ್ಲ, ಗೋಡೆಯಿಂದ ನೇರವಾಗಿ ಬೆನ್ನಿಗೆ ಬರುತ್ತದೆ. ಅದಕ್ಕೆ ಯಾವ ಹೆಡ್‌ಫೋನೂ ಇಲ್ಲ.

ಅಡುಗೆಮನೆಯ ಸ್ಟ್ಯಾಂಡಿನಲ್ಲಿ ರಮಾ ತಟ್ಟೆ ತಟ್ಟೆಯ ನಡುವೆ ಹಳೇ ಬಟ್ಟೆ ಮಡಚಿ ಇಟ್ಟಿದ್ದಳು. ಯಾಕಮ್ಮ ಎಂದೆ. "ಇಲ್ಲಾಂದ್ರೆ ಕಟಕಟ ಅಂತಾವೆ ಅಂಕಲ್" ಎಂದಳು.

ಹೆಡ್‌ಫೋನು ತೆಗೆದಾಗ ಇಷ್ಟು ಜೋರಾಗಿರುತ್ತದೆಯೇ ಎನಿಸಿತು. ಇಷ್ಟು ವರ್ಷ ಇಲ್ಲೇ ಇದ್ದೇನೆ, ನನಗೆ ಒಂದು ದಿನವೂ ಹೀಗೆ ಕೇಳಿಸಿಲ್ಲ. ನನ್ನ ಮನೆ ಕೆಳಗೆ, ಮುಂಭಾಗದಲ್ಲಿದೆ, ಅದಿರಲಿ. ಇದು ಹೆಡ್‌ಫೋನಿನದೇ ದೋಷ ಇರಬೇಕು, ಕಿವಿಯನ್ನು ನಾಜೂಕು ಮಾಡಿಬಿಡುತ್ತದೆ. ವಾಪಸ್ ಕಳಿಸುತ್ತೇನೆ.

ನವೆಂಬರ್ 18, ಮಂಗಳವಾರ

ಎರಡನೆಯದು ಕುತ್ತಿಗೆಗೆ ಪಟ್ಟಿ ಇರುವಂಥದ್ದು. ಮಲಗಿದರೆ ಗೋಣಿಗೆ ಚುಚ್ಚುತ್ತದೆ. ತೆಗೆದಿಟ್ಟೆ.

ಮೂರನೆಯದು ಇಯರ್‌ಬಡ್, ಕಡಲೆಬೀಜದಷ್ಟು ಗಾತ್ರ. ಮೂರು ಅಳತೆಯ ರಬ್ಬರು ಕೊಟ್ಟಿದ್ದಾರೆ. ದೊಡ್ಡ ರಬ್ಬರು ಹಾಕಿದರೆ ಕಿವಿಗೆ ಬಿರಡೆ ಜಡಿದಷ್ಟು ಬಿಗಿ. ಮಗ್ಗುಲಾಗಿಯೂ ಮಲಗಬಹುದು. ತಮಟೆಯನ್ನು ಪೂರ್ತಿ ಅಲ್ಲದಿದ್ದರೂ ಅರ್ಧ ತಡೆಯುತ್ತದೆ. ಒಂದು ಸಲ ಚಾರ್ಜ್ ಮಾಡಿದರೆ ಅವನ ಒಂದು ಹಗಲಿಗೆ ಧಾರಾಳವಾಗಿ ಸಾಕು. ಇನ್ನೊಂದು ವಿಶೇಷ, ಏಕಕಾಲಕ್ಕೆ ಎರಡು ಫೋನಿಗೆ ಅಂಟಿಕೊಳ್ಳುತ್ತದೆ. ಮೊದಲು ನನ್ನ ಫೋನಿಗೆ ಹಾಕಿ ಪರೀಕ್ಷಿಸಿ, ಆಮೇಲೆ ಮೇಲೆ ಹೋಗಿ ಗೋಕುಲನ ಫೋನಿಗೂ ನಾನೇ ಜೋಡಿಸಿಕೊಟ್ಟೆ. ಈ ವಯಸ್ಸಿನಲ್ಲಿ ಇಷ್ಟು ಕಲಿತಿದ್ದಕ್ಕೆ ನನಗೇ ಖುಷಿಯಾಯಿತು.

"ಇದಕ್ಕೆಷ್ಟಾಯ್ತು ಅಂಕಲ್?" ಎಂದ.

"ನಿನ್ ನಿದ್ದೆಗೆ ರೇಟ್ ಕಟ್ತೀಯೇನಪ್ಪ? ಇಟ್ಕೋ. ಇದು ನಿನ್ ಮನೆ ಅಂದ್ಕೊಂಡಿರು."

ಅವನು ಕಿವಿಗಿಟ್ಟುಕೊಂಡು ನಕ್ಕ. ಗೋಕುಲ್ ನಕ್ಕಿದ್ದನ್ನು ನಾನು ನೋಡಿದ್ದು ಅಪರೂಪ.

ನವೆಂಬರ್ 21, ಶುಕ್ರವಾರ

ಗೋಕುಲ್ ನಿನ್ನೆ ಊಟದ ಹೊತ್ತಿನವರೆಗೂ ಮಲಗಿದ್ದನಂತೆ. ರಮಾ ಒಂದು ಡಬ್ಬಿ ಒಬ್ಬಟ್ಟು ಕೊಟ್ಟು ಹೋದಳು. ಅಂಗಡಿಯ ಆಪಿನಲ್ಲಿ ಐದು ನಕ್ಷತ್ರ ಕೊಟ್ಟು, "ಹಗಲು ಮಲಗುವವರಿಗೆ ಉತ್ತಮ" ಎಂದು ಕನ್ನಡದಲ್ಲೇ ಬರೆದೆ.

ನನ್ನ ಫೋನು ಮಾತ್ರ ಕೈ ಕೊಡುತ್ತಿದೆ. ಬೆಳಗ್ಗೆ ಯಾರಾದರೂ ಕಳಿಸಿದ ವಾಯ್ಸ್ ಮೆಸೇಜು ಒತ್ತಿದರೆ ಸದ್ದೇ ಬರುವುದಿಲ್ಲ. ಸಂಜೆ ಅದೇ ಮೆಸೇಜು ಸರಿಯಾಗಿ ಕೇಳಿಸುತ್ತದೆ.

ನವೆಂಬರ್ 24, ಸೋಮವಾರ

ಅಣ್ಣನಿಂದ ವಾಯ್ಸ್ ಮೆಸೇಜು. ನಾವಿಬ್ಬರೂ ಟೈಪ್ ಮಾಡುವವರಲ್ಲ, ಏನಿದ್ದರೂ ಬಾಯಲ್ಲೇ. ಎರಡು ಸಲ ಒತ್ತಿದೆ, ಫೋನು ಮೂಕ. ಸಿಟ್ಟು ಬಂದು ಹೊರಗೆ ಬಂದೆ. ಅರಳಿಕಟ್ಟೆಯ ಹತ್ತಿರ ಹೋಗಿ ಒತ್ತಿದಾಗ ಬಾಯಿ ಬಿಟ್ಟಿತು.

"ಲೇ ಬಾಲ, ನಿನ್ ಮನೆ ಆ ಡ್ರೈವರ್ರು ನಮ್ ವಾಚ್‌ಮನ್ ತಾವ ಬಂದು ಸೌಂಡ್ ಕಮ್ಮಿ ಮಾಡ್ಸಿ ಅಂದ್ನಂತೆ. ಮೂರ್ನೇ ತಾರೀಕು ನಮ್ಮುಡುಗನ ಬೀಗ್ರೂಟ. ಅವತ್ತೇನಾರ ಇಂಗೇ ತಲೆ ಆಕಿದ್ರೆ ಸರಿಗಿರಲ್ಲ ನೋಡು. ಕಳಿಸ್ಬುಡು ಅವನ್ನ."

ಅಣ್ಣನ ಕಿರಿಮಗನ ಮದುವೆ ಈ ಭಾನುವಾರ ದೊಡ್ಡಬಳ್ಳಾಪುರದಲ್ಲಿ, ಹೆಣ್ಣಿನ ಕಡೆಯ ಛತ್ರದಲ್ಲಿ. ಬೀಗರೂಟ ಅದರ ಮುಂದಿನ ಬುಧವಾರ ಇಲ್ಲಿ, ನಮ್ಮಲ್ಲಿ. ಇಂಥ ಹೊತ್ತಿನಲ್ಲಿ ಅವನ ಜೊತೆ ವಾದಕ್ಕಿಳಿಯುವುದು ಯಾರಿಗೆ ಬೇಕು. ಮನೆಗೆ ಬಂದು ಸಮಾಧಾನವಾಗಿ ಒಂದು ಉತ್ತರ ಹೇಳಿ ಕಳಿಸಿದೆ.

"ನೀನ್ಯಾಕಣ್ಣ ತಲೆ ಕೆಡಿಸ್ಕೋತೀಯ. ಬೀಗರೂಟ ಮುಗೀಲಿ, ಧನುರ್ಮಾಸ ಹುಟ್ಟೋದ್ರೊಳಗೆ ಖಾಲಿ ಮಾಡಿಸ್ತೀನಿ. ಅಲ್ಲಿವರ್ಗೂ ಬಾಯಿ ಮುಚ್ಕೊಂಡಿರ್ಲಿ ಅಂತ ಕಿವಿಗೊಂದು ಆಟದ ಸಾಮಾನು ಕೊಟ್ಟಿದೀನಿ. ಡ್ರೈವರ್ ತಾನೆ, ಎಲ್ ಬಿದ್ಕೊಂಡ್ರೂ ನಿದ್ದೆ ಬರುತ್ತೆ ಬಿಡು."

ಕಳಿಸಿದ ಮೇಲೆ ನನ್ನ ಮಾತನ್ನು ನಾನೇ ಒಂದು ಸಲ ಕೇಳುವುದು ನನ್ನ ಅಭ್ಯಾಸ. ದನಿಯಲ್ಲಿ ಮರ್ಯಾದೆ ಇದೆಯೋ ಇಲ್ಲವೋ ನೋಡಬೇಕಲ್ಲ. ಒತ್ತಿದೆ, ಸದ್ದಿಲ್ಲ. ಮತ್ತೆ ಒತ್ತಿದೆ, ಇಲ್ಲ. ಮನಸ್ಸಿನಲ್ಲಿದ್ದದ್ದನ್ನು ನಾನೇನೂ ಹೇಳಲಿಲ್ಲ, ಅಣ್ಣನ ಸಮಾಧಾನಕ್ಕೆ ಹೇಳಿದ್ದು. ಖಾಲಿ ಮಾಡಿಸುವ ಮಾತು ಧನುರ್ಮಾಸಕ್ಕಲ್ಲವೇ, ಆಗ ನೋಡಿಕೊಂಡರಾಯಿತು.

ನವೆಂಬರ್ 26, ಬುಧವಾರ

ಫೋನನ್ನು ಯಲಹಂಕಕ್ಕೆ ತೆಗೆದುಕೊಂಡು ಹೋಗಿ ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಅವನು ಹಾಡು ಹಾಕಿದರೆ ಹಾಡಿತು, ಮೆಸೇಜು ಒತ್ತಿದರೆ ಮಾತಾಡಿತು. "ಏನೂ ಆಗಿಲ್ವಲ್ಲ ಸಾರ್" ಎಂದು ನನ್ನ ಮುಖ ನೋಡಿದ. ಮನೆಗೆ ಬಂದ ಕೂಡಲೇ ಮತ್ತೆ ಮೂಕ.

ಮೆಟ್ಟಿಲಲ್ಲಿ ಗೋಕುಲ್ ಸಿಕ್ಕಿದ. ನಿದ್ದೆ ಹೇಗಪ್ಪ ಎಂದೆ. "ಹಾಕ್ಕೊಂಡೇ ಮಲಗ್ತೀನಿ ಅಂಕಲ್" ಎಂದ. ಕೇಳಿದ್ದಕ್ಕೂ ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಕಣ್ಣಿನ ಕೆಳಗೆ ಮತ್ತೆ ಕಪ್ಪು ಬಂದಿದೆ. ರಬ್ಬರಿನ ಅಳತೆ ಸರಿ ಇಲ್ಲದಿರಬಹುದು, ನಡುವಿನ ಅಳತೆಯದು ಹಾಕಿ ನೋಡು ಎಂದೆ. ತಲೆಯಾಡಿಸಿದ.

ನವೆಂಬರ್ 28, ಶುಕ್ರವಾರ

ಇವತ್ತು ಬರೆಯುವುದಕ್ಕೆ ಕೈ ಬರುತ್ತಿಲ್ಲ. ಬೆಳಗಿನ ಜಾವ ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಗೋಕುಲನಿಗೆ ಕಣ್ಣು ಹತ್ತಿ ಕಾರು ಡಿವೈಡರಿಗೆ ಉಜ್ಜಿದೆ. ಹಿಂದೆ ಒಬ್ಬ ಹೆಂಗಸು, ಮಗು. ಯಾರಿಗೂ ಏನೂ ಆಗಿಲ್ಲ, ಎಡಗಡೆಯ ಬಾಗಿಲು ಹೋಗಿದೆ ಅಷ್ಟೆ. ಅವನ ಹುಬ್ಬಿನ ಮೇಲೆ ಒಂದು ಪ್ಲಾಸ್ಟರು. ರಮಾ ನನ್ನನ್ನು ನೋಡಿದರೂ ಮಾತಾಡಿಸಲಿಲ್ಲ.

ಈ ವಾರ ಛತ್ರದಲ್ಲಿ ಒಂದು ಕಾರ್ಯವೂ ಇರಲಿಲ್ಲ. ಸದ್ದಿಲ್ಲದ ವಾರದಲ್ಲೂ ಅವನು ಮಲಗಿಲ್ಲ. ಇಯರ್‌ಬಡ್ ಇಸಿದುಕೊಂಡು ಬಂದು ನಾನೇ ಮತ್ತೆ ಹಾಕಿಕೊಂಡು ನೋಡಿದೆ. ಸರಿಯಾಗೇ ಇದೆ. ಹಾಗಾದರೆ ಯಾಕೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಸಂಜೆ ವಾಪಸ್ ಕೊಟ್ಟು ಬಂದೆ.

ಡಿಸೆಂಬರ್ 1, ಸೋಮವಾರ

ನಿನ್ನೆ ಮದುವೆ ಚೆನ್ನಾಗಿ ಆಯಿತು. ಅದನ್ನು ಬರೆಯುವ ಮನಸ್ಸಿಲ್ಲ.

ಬೆಳಗ್ಗೆ ಅಡುಗೆ ಕಂಟ್ರಾಕ್ಟರ್ ಆನಂದಪ್ಪ ಬೀಗರೂಟದ ವಿಚಾರವಾಗಿ ಮೆಸೇಜು ಕಳಿಸಿದ. ಸದ್ದು ಬರಲಿಲ್ಲ. ವಾಲ್ಯೂಮು ಏರಿಸೋಣ ಎಂದು ಫೋನಿನ ಪರದೆಯನ್ನು ಮೇಲಿಂದ ಕೆಳಕ್ಕೆ ಎಳೆದೆ. ಅಲ್ಲಿ ಸಣ್ಣದೊಂದು ಇಯರ್‌ಬಡ್ಡಿನ ಚಿತ್ರ, ಪಕ್ಕದಲ್ಲಿ ಅದರ ಹೆಸರು, ಕನೆಕ್ಟೆಡ್ ಎಂದು.

ನಾನು ಗೋಕುಲನ ಕೋಣೆಗೆ ಸರಿಯಾಗಿ ಕೆಳಗೆ, ಸ್ಟೋರ್ ರೂಮಿನ ಬಾಗಿಲಲ್ಲಿ ಕೂತಿದ್ದೆ. ಆನಂದಪ್ಪ ಮೇಕೆ ಮಾಂಸದ ಲೆಕ್ಕ ಹೇಳುತ್ತಿದ್ದದ್ದು ಗೋಕುಲನ ಕಿವಿಯಲ್ಲಿ. ಅವನು ಮಲಗಿದ್ದಷ್ಟು ಹೊತ್ತೂ ನನ್ನ ಫೋನು ಮೂಕವಾಗಿದ್ದದ್ದು ಅದಕ್ಕೇ. ಅಂದ ಮೇಲೆ ಅಣ್ಣನ ಮೆಸೇಜು. ಆಮೇಲೆ ನನ್ನದು. ಎರಡು ಸಲ.

ಸ್ವಲ್ಪ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಹೇಗೂ ಕಿವಿಯಲ್ಲೇ ಇದೆಯಲ್ಲ. ಅಣ್ಣನಿಗೆ ಕಳಿಸುವ ಹಾಗೆ ಒಂದು ಮೆಸೇಜು ಮಾತಾಡಿದೆ. "ಅಣ್ಣ, ಗೋಕುಲ್ ನಮ್ಮನೆ ಹುಡುಗನ ಥರ, ಅವನನ್ನ ಖಾಲಿ ಮಾಡಿಸೋ ಮಾತೇ ಇಲ್ಲ." ಅಣ್ಣನಿಗೆ ಕಳಿಸದೆ ಸುಮ್ಮನೆ ಒತ್ತಿದರೆ ಸಾಕು, ಮೇಲಿನವನಿಗೆ ಕೇಳುತ್ತದೆ. ಎಲ್ಲ ಸರಿಹೋಗುತ್ತದೆ. ಬೆರಳು ಇಡುವಷ್ಟರಲ್ಲಿ ಹಿಂದೆ ರಾಧಾಮಣಿ ನಿಂತಿದ್ದಳು.

"ಇದನ್ನ ಯಾರಿಗ್ ಕೇಳ್ಸೋಕೆ ಮಾತಾಡಿದ್ದು?"

ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಸೇಜು ಅಳಿಸಿ, ನನ್ನ ಫೋನಿನಿಂದ ಆ ಇಯರ್‌ಬಡ್ಡಿನ ಹೆಸರನ್ನೇ ತೆಗೆದುಹಾಕಿದೆ.

ಮಧ್ಯಾಹ್ನ ಗೋಕುಲ್ ಎದ್ದ ಸದ್ದು ಕೇಳಿ ಮೇಲೆ ಹೋದೆ. ಕೂರಲಿಲ್ಲ.

"ನನ್ ಫೋನಲ್ ಬಂದಿದ್ದೆಲ್ಲ ನಿನಗೆ ಕೇಳಿಸ್ತಿತ್ತಾ?"

ಅವನು ಹಾಸಿಗೆ ಸುತ್ತಿ ಗೋಡೆಗೆ ಒತ್ತರಿಸಿದ. "ಮೊದ್ಲನೇ ಸಲಾನೇ ತೆಗ್ದಿಡ್ಬೇಕಿತ್ತು ಅಂಕಲ್. ಬೇರೆಯವರ ಮಾತು ಕೇಳಿಸ್ಕೊಂಡಿದ್ದು ನಂದೇ ತಪ್ಪು."

ತಪ್ಪು ಅವನದಂತೆ.

"ಎರಡನೇ ಸಲಾನೂ ಹಾಕಿದ್ರಲ್ಲ, ಆಗ ಬೇಕಂತಲೇ ಕೇಳಿಸ್ತಿದೀರ ಅಂದ್ಕೊಂಡೆ. ಮುಖ ನೋಡ್ಕೊಂಡು ಹೇಳಕ್ಕಾಗದೆ ಹಿಂಗ್ ಹೇಳ್ತಿದೀರ ಅಂತ."

"ಮತ್ತೆ ಯಾಕೋ ಅದನ್ನ ದಿನಾ ಹಾಕ್ಕೋತಿದ್ದೆ?"

"ಆಮೇಲೆ ಏನಾದ್ರೂ ಬೇರೆ ಥರ ಹೇಳ್ತೀರೇನೋ ಅಂತ. ಕಾಯ್ಕೊಂಡ್ ಮಲಗ್ತಿದ್ದೆ."

ರಮಾ ಒಳಗಿನಿಂದ, ಯಲಹಂಕದಾಚೆಯ ಸಿಂಗಾಪುರದಲ್ಲಿ ಒಂದು ಮನೆ ನೋಡಿದ್ದೇವೆ, ಈ ತಿಂಗಳ ಮಧ್ಯದಲ್ಲಿ ಬೀಗದಕೈ ಕೊಡುತ್ತಾರೆ ಎಂದಳು. ಅಲ್ಲಿಂದ ಏರ್‌ಪೋರ್ಟು ದೂರ. ಅವನ ನಿದ್ದೆಯಲ್ಲಿ ಅಷ್ಟು ಮತ್ತೆ ಕಡಿಮೆಯಾಗುತ್ತದೆ. ಅದು ಅವರಿಗೂ ಗೊತ್ತಿದೆ.

ಎಲ್ಲರಿಗೂ ಬೇಕಾದವನು ಎಂದು ಈ ಪುಸ್ತಕದಲ್ಲೇ ಬರೆದುಕೊಂಡಿದ್ದೇನೆ. ಓದಿದರೆ ನಾಚಿಕೆಯಾಗುತ್ತದೆ.

ಡಿಸೆಂಬರ್ 2, ಮಂಗಳವಾರ

ಬೆಳಗ್ಗೆ ಅಣ್ಣನ ಮನೆಗೆ ಹೋದೆ. ಅಂಗಳದಲ್ಲಿ ನೆಂಟರು ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ಒಳಗೆ ಕರೆದು ಹೇಳೋಣವೆಂದರೆ ಅವನು ಬರಲಿಲ್ಲ. ಅಲ್ಲೇ ಹೇಳಿದೆ.

"ಅಣ್ಣ, ಗೋಕುಲ್‌ನ ನಾನು ಖಾಲಿ ಮಾಡಿಸಲ್ಲ. ನಾಳೆ ಡಿಜೆ ಬಾಕ್ಸು ನಮ್ ಗೋಡೆಗೆ ಬೇಡ, ರಸ್ತೆ ಕಡೆ ಇಡ್ಸು. ಇನ್ಮೇಲೆ ಬೇರೆಯವರ ಕಾರ್ಯಕ್ಕೂ ಅಂಗೇ ಮಾಡ್ಸು."

"ವಾರದ ಇಂದೆ ಒಂದು ಯೋಳ್ದೆ, ಇವತ್ತೊಂದ್ ಯೋಳ್ತಾ ಇದೀಯ."

"ಅವತ್ತು ಹೇಳಿದ್ದು ನಿನ್ ಸಮಾಧಾನಕ್ಕೆ. ಇದು ನಿಜ."

ಬೆಳ್ಳುಳ್ಳಿ ಬಿಡಿಸುವ ಕೈಗಳೆಲ್ಲ ನಿಂತವು. ನೆಂಟರ ಮುಂದೆ ನಾನು ಅಣ್ಣನ ಮಾತಿಗೆ ಎದುರು ನಿಂತದ್ದು ಇದೇ ಮೊದಲು. ಅವನ ಮುಖ ಕೆಂಪಾಯಿತು, ಆದರೆ ಕೂಗಾಡಲಿಲ್ಲ.

"ನಮ್ಮವ್ವನ ಎಸರಿನ ಛತ್ರ. ಮಗನ ಬೀಗ್ರೂಟ. ಯಾವನೋ ಡ್ರೈವರ್ ನಿದ್ದೆ ನಿಂಗೆ ಎಚ್ಚಾಯ್ತು. ಸರಿ ಬಿಡಪ್ಪ. ನಾಳೆ ನೀನು ಬರೋದು ಬೇಡ."

ಬಾಕ್ಸು ಎಲ್ಲಿಡಿಸುತ್ತೀಯ ಎಂದು ಮತ್ತೆ ಕೇಳಲಿಲ್ಲ. ಉತ್ತರ ಗೊತ್ತಿತ್ತು.

ಮನೆಗೆ ಬಂದು ರಾಧಾಮಣಿಗೆ, ನಾವು ಮೇಲಿನ ಹಿಂದಿನ ಮನೆಗೆ ಹೋಗೋಣ, ಮುಂದಿನ ಈ ಮನೆ ಗೋಕುಲನಿಗೆ ಬಿಟ್ಟುಕೊಡೋಣ ಎಂದೆ. ಛತ್ರ ಅಣ್ಣನದು, ಗೋಡೆಯ ಈಚೆಗೆ ಯಾರು ಮಲಗಬೇಕು ಎಂಬುದಾದರೂ ನನ್ನ ಕೈಯಲ್ಲಿದೆ. ಮೇಲಿನ ಅಡುಗೆಮನೆ ಇಕ್ಕಟ್ಟು, ಗ್ರೈಂಡರ್ ಎಲ್ಲಿಡುವುದು ಎಂದು ಗೊಣಗಿದಳು. ಗೊಣಗುತ್ತಲೇ ಹಾಸಿಗೆ ಸುತ್ತತೊಡಗಿದಳು.

ಗೋಕುಲ್ ಒಪ್ಪಲಿಲ್ಲ. ರಮಾ ನನ್ನ ಮುಖವನ್ನೇ ನೋಡುತ್ತಿದ್ದಳು, ಈ ಮನುಷ್ಯ ಈಗ ಯಾರ ಸಮಾಧಾನಕ್ಕೆ ಮಾತಾಡುತ್ತಿದ್ದಾನೆ ಎನ್ನುವ ಹಾಗೆ. ಕೊನೆಗೆ ಅವಳೇ, "ಸಾಮಾನು ಆಮೇಲೆ. ನಾಳೆ ಒಂದಿನ ಹಾಸಿಗೆ ಹಾಕಿ ನೋಡ್ತೀವಿ" ಎಂದಳು.

ಡಿಸೆಂಬರ್ 3, ಬುಧವಾರ

ಗೋಕುಲ್ ಬೆಳಗ್ಗೆ ಗಾಡಿ ನಿಲ್ಲಿಸಿ ಬಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ. ಇಯರ್‌ಬಡ್ ಕೇಳಲಿಲ್ಲ. ನಾನೂ ರಾಧಾಮಣಿಯೂ ಮೇಲೆ ಅವನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು.

ಹನ್ನೊಂದಕ್ಕೆ ಡಿಜೆ ಶುರುವಾಯಿತು. ಬಾಕ್ಸು ಗೋಡೆಗೇ ಇತ್ತು. ಬೆನ್ನು ಒರಗಿಸಲು ಆಗಲಿಲ್ಲ. ಕಿಟಕಿಯಿಂದ ಸಾರಿನ ವಾಸನೆ ಬರುತ್ತಿತ್ತು. ರಾಧಾಮಣಿ ಅನ್ನ, ತಿಳಿಸಾರು ಮಾಡಿದ್ದಳು, ಇಬ್ಬರಿಗೂ ಸೇರಲಿಲ್ಲ.

ಊಟದ ಪಂಕ್ತಿಗಳು ಏಳುವ ಹೊತ್ತಿಗೆ ಡಿಜೆ ನಿಂತಿತು. ಮೈಕು ಹಿಡಿದದ್ದು ಅಣ್ಣನೇ. "ನಮ್ ತಾತ ನರಸಯ್ಯನ ವಂಶದೋರೆಲ್ಲ ಫೋಟೋಕ್ಕೆ ಬರ್ಬೇಕು" ಎಂದು ಒಬ್ಬೊಬ್ಬರ ಹೆಸರು ಹಿಡಿದು ಕರೆಯತೊಡಗಿದ. ಹಿರಿಯ ಮಗನನ್ನು, ಸೊಸೆಯನ್ನು, ದೇವನಹಳ್ಳಿಯ ನಮ್ಮ ತಂಗಿಯನ್ನು, ಅವಳ ಗಂಡನನ್ನು, ಚಿಕ್ಕಪ್ಪನ ಮಕ್ಕಳನ್ನು, ಸಂಬಂಧ ಸರಿಯಾಗಿ ಗೊತ್ತಿಲ್ಲದ ಮುನಿಯಣ್ಣನನ್ನೂ ಕರೆದ. ಗೋಡೆ ಇಲ್ಲವೇ ಇಲ್ಲ ಎನ್ನುವ ಹಾಗೆ ಒಂದೊಂದು ಹೆಸರೂ ಬಿಡಿಬಿಡಿಯಾಗಿ ಕೇಳಿಸಿತು.

ರಾಧಾಮಣಿ ಕಿಟಕಿಯ ಪಕ್ಕದಲ್ಲಿದ್ದ ಇಯರ್‌ಬಡ್ಡಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. "ಹಾಕ್ಕೊಳ್ರೀ, ಯಾಕ್ ಕೇಳ್ತೀರ."

"ಇರು, ಇನ್ನೂ ಕರೀತಾ ಇದಾನೆ" ಎಂದೆ.

ಮೈಕು ಆರಿಸುವವರೆಗೂ ಕೇಳಿದೆ. ನನ್ನ ಹೆಸರು ಬರಲಿಲ್ಲ.

ಐದು ಗಂಟೆಗೆ ರಮಾ ಮೆಟ್ಟಿಲು ಹತ್ತಿ ಬಂದು, ಅವರಿನ್ನೂ ಎದ್ದಿಲ್ಲ, ಎಬ್ಬಿಸಲಾ ಅಂಕಲ್ ಎಂದು ಮೆತ್ತಗೆ ಕೇಳಿದಳು. ಬೇಡಮ್ಮ, ಮಲಗಲಿ ಎಂದೆ.